ಕಾರ್ಖಾನೆ ಕೊಳ್ಳಬಹುದು, ಮನಸ್ಸನ್ನು?

ಪಣಜಿಯಿಂದ ಫೋಂಡಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಹಳೆ ಗೋವಾದ ಇಗರ್ಜಿಗಳನ್ನು ದಾಟಿ ಸ್ವಲ್ಪ ಮುಂದೆ ಹೋದರೆ ಕೊರ್ಲಿಮ್ ಎಂಬ ಊರು ಸಿಗುತ್ತದೆ. ತಿಸ್ವಾಡಿ ತಾಲೂಕಿಗೆ ಸೇರಿದ ಈ ಊರಿನಲ್ಲಿ ಒಂದು ಕೈಗಾರಿಕಾ ವಸಾಹತು ಇದೆ. ಬೆಳೆಗಳಿಗೆ ಸಿಂಪಡಿಸುವ ಔಷಧಗಳನ್ನು ತಯಾರಿಸುವ ಒಂದು ದೊಡ್ಡ ರಾಸಾಯನಿಕ ಕಾರ್ಖಾನೆಯೂ ಇದೆ. ಹಿಂದೆ ಅದು ಸ್ವಿಟ್ಜರ್ಲೆಂಡಿನ ಸೀಬಾ ಗೈಗಿ ಕಂಪೆನಿಯದ್ದಾಗಿತ್ತು. 1996ರಲ್ಲಿ ಆ ಕಂಪೆನಿ ಸ್ಯಾಂಡೋಸ್ ಜೊತೆ ಸೇರಿ ನೋವಾರ್ಟಿಸ್ ಆಯಿತು. 2000ನೇ ಇಸವಿಯಲ್ಲಿ ಅದರ ಕೃಷಿ ವಿಭಾಗ ಬೇರ್ಪಟ್ಟು, ಇನ್ನೊಂದು ಕಂಪೆನಿಯ ಕೃಷಿ ವಿಭಾಗದೊಡನೆ ಕೂಡಿ ಸಿಂಜೆಂಟಾ ಎಂಬ ಹೆಸರು ತಾಳಿತು. 2017ರಲ್ಲಿ ಈ ಸಿಂಜೆಂಟಾವನ್ನು ಚೀನಾ ಸರಕಾರದ ಒಡೆತನದ ಕೆಮ್‌ಚೈನಾ ಸಂಸ್ಥೆ ಸುಮಾರು 4,300 ಕೋಟಿ ಡಾಲರುಗಳಿಗೆ ಕೊಂಡುಕೊಂಡಿತು. ಅಲ್ಲಿಯವರೆಗೆ ಚೀನಾದ ಯಾವ ಸಂಸ್ಥೆಯೂ ವಿದೇಶದಲ್ಲಿ ಇಷ್ಟು ದೊಡ್ಡ ಖರೀದಿ ಮಾಡಿರಲಿಲ್ಲ.

ಹೀಗೆ, ಯಾರಿಗೂ ಸದ್ದು ಕೇಳಿಸದಂತೆ, ಗೋವಾದ ಒಂದು ಹಳ್ಳಿಯ ಕಾರ್ಖಾನೆಯ ಕೊನೆಯ ಯಜಮಾನಿಕೆ ಬೀಜಿಂಗಿಗೆ ಹೋಯಿತು. ಆದರೆ ಅದರಿಂದ ಕೊರ್ಲಿಮ್ ಚೀನೀ ಊರಾಯಿತೇ? ಇಲ್ಲ. ಅಲ್ಲಿಯ ಮಾತು ಕೊಂಕಣಿಯಾಗಿಯೇ ಉಳಿದಿದೆ. ಯಜಮಾನ ಬದಲಾದನೆಂದು ಅಲ್ಲಿಯ ಮಕ್ಕಳು ಚೀನೀ ಕಲಿಯಲು ಹೊರಡಲಿಲ್ಲ. ಹಣವೆಂದರೆ ಹೆಣವೂ ಬಾಯಿ ಬಿಡುತ್ತದೆ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಬಾಯಿ ಬಿಟ್ಟೀತು, ನಿಜ. ಆದರೆ ಹಣ ಕೊಟ್ಟವನ ಹಾಡನ್ನು ಹಾಡೀತೇ? ಇದು ಚೀನಾಕ್ಕೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಒಂದು ಭಾಷೆ ತನ್ನ ನೆಲೆಯ ಹೊರಗೆ ಹೇಗೆ ಬಾಳುತ್ತದೆ ಎಂಬ ಪ್ರಶ್ನೆ ಇದರೊಳಗೆ ಅಡಗಿದೆ. ಮಲಯಾಳ ಬಹುಸಂಖ್ಯೆಯ ಜಿಲ್ಲೆಯಲ್ಲಿ ಕನ್ನಡದ ಮನೆಗಳನ್ನು ನಡೆಸುತ್ತಿರುವ ನಮಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಬೇರೊಂದಿಲ್ಲ.

ಒಂದು ದೇಶ ಸೈನ್ಯದಿಂದ ಹೆದರಿಸದೆ, ಹಣದಿಂದ ಕೊಳ್ಳದೆ, ತನ್ನ ಸಂಸ್ಕೃತಿ ಮತ್ತು ನಡತೆಯ ಆಕರ್ಷಣೆಯಿಂದಲೇ ಇತರರನ್ನು ಒಲಿಸಿಕೊಳ್ಳುವ ಬಲಕ್ಕೆ ಅಮೆರಿಕದ ಜೋಸೆಫ್ ನೈ ಎಂಬ ಪ್ರಾಧ್ಯಾಪಕರು 1990ರಲ್ಲಿ ‘ಮೃದು ಶಕ್ತಿ’ ಎಂಬ ಅರ್ಥದ ಹೆಸರನ್ನಿಟ್ಟರು. 2025ರಲ್ಲಿ ಅವರು ತೀರಿಕೊಂಡರು; ಆದರೆ ಅವರಿಟ್ಟ ಹೆಸರು ಈಗ ಎಲ್ಲ ದೇಶಗಳ ರಾಜಕಾರಣಿಗಳ ಬಾಯಲ್ಲಿದೆ. ಚೀನಾದಲ್ಲಿ 2007ರ ಕಮ್ಯುನಿಸ್ಟ್ ಪಕ್ಷದ ಮಹಾ ಅಧಿವೇಶನದಲ್ಲಿ ಆಗಿನ ಅಧ್ಯಕ್ಷ ಹು ಜಿಂಟಾವೋ, ಸಂಸ್ಕೃತಿಯನ್ನು ದೇಶದ ಮೃದು ಶಕ್ತಿಯಾಗಿ ಬೆಳೆಸಬೇಕೆಂದು ಬಹಿರಂಗವಾಗಿಯೇ ಸಾರಿದರು.

ಚೀನಾ ಈ ಕೆಲಸಕ್ಕೆ ಕೈಹಾಕಿದ್ದು ಅಂದೇ ಮೊದಲಲ್ಲ. 1962ರ ಯುದ್ಧದ ಮರುವರ್ಷವೇ, ಅಂದರೆ 1963ರಲ್ಲಿ, ಪೀಕಿಂಗ್ ರೇಡಿಯೋ ತಮಿಳಿನಲ್ಲಿ ಪ್ರಸಾರ ಆರಂಭಿಸಿತು. ಸೋವಿಯತ್ ರಷ್ಯ ಇನ್ನೂ ಮುಂದೆ ಹೋಗಿ ‘ಸೋವಿಯತ್ ಲ್ಯಾಂಡ್’ ಪತ್ರಿಕೆಯನ್ನು ಕನ್ನಡದಲ್ಲೂ ಹೊರಡಿಸುತ್ತಿತ್ತು. ಅದರ ನುಣುಪು ಕಾಗದದ ಹಾಳೆಗಳು ನಮ್ಮ ಎಷ್ಟೋ ಮಕ್ಕಳ ಶಾಲಾ ಪುಸ್ತಕಗಳಿಗೆ ಹೊದಿಕೆಯಾದದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಸೋವಿಯತ್ ಒಕ್ಕೂಟ 1991ರಲ್ಲಿ ಇಲ್ಲವಾಯಿತು. ಆ ಪತ್ರಿಕೆಯಲ್ಲಿ ಬಂದ ಉಕ್ಕಿನ ಉತ್ಪಾದನೆಯ ಲೆಕ್ಕ ಇಂದು ಯಾರಿಗೂ ನೆನಪಿಲ್ಲ. ಟಾಲ್‌ಸ್ಟಾಯ್, ಗಾರ್ಕಿ ಮಾತ್ರ ಕನ್ನಡಿಗರ ಕಪಾಟಿನಲ್ಲಿ ಉಳಿದಿದ್ದಾರೆ. ಸರಕಾರ ಕಳಿಸಿದ್ದು ಹೋಯಿತು, ಬರೆಹಗಾರ ಕೊಟ್ಟದ್ದು ನಿಂತಿತು. ಈ ವ್ಯತ್ಯಾಸವನ್ನು ನಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಚೀನಾದ ಇತ್ತೀಚಿನ ಪ್ರಯತ್ನದ ಮುಖ್ಯ ಸಾಧನ ಕನ್ಫ್ಯೂಷಿಯಸ್ ಸಂಸ್ಥೆಗಳು. ಮೊದಲನೆಯದು 2004ರಲ್ಲಿ ದಕ್ಷಿಣ ಕೊರಿಯದ ಸಿಯೋಲ್ ನಗರದಲ್ಲಿ ತೆರೆಯಿತು. ಹದಿನೈದು ವರ್ಷಗಳಲ್ಲಿ ಅವುಗಳ ಸಂಖ್ಯೆ ಲೋಕದಾದ್ಯಂತ ಐನೂರನ್ನು ಮೀರಿತು. ಅಧ್ಯಾಪಕರು, ಪುಸ್ತಕ, ಹಣ ಎಲ್ಲವೂ ಚೀನಾದಿಂದ. ಸ್ಥಳ ಮತ್ತು ಹೆಸರು ಮಾತ್ರ ಆತಿಥ್ಯ ನೀಡಿದ ವಿಶ್ವವಿದ್ಯಾನಿಲಯದ್ದು. ಹೊರನೋಟಕ್ಕೆ ಇದರಲ್ಲಿ ಆಕ್ಷೇಪಿಸಲು ಏನೂ ಇಲ್ಲ. ಜರ್ಮನಿ, ಫ್ರಾನ್ಸ್, ಬ್ರಿಟನ್ ದೇಶಗಳೂ ತಮ್ಮ ಭಾಷೆಯನ್ನು ಪರದೇಶಗಳಲ್ಲಿ ಕಲಿಸುತ್ತ ಬಂದಿವೆ. ಆದರೆ ಆ ದೇಶಗಳ ಸಂಸ್ಥೆಗಳು ಸ್ವಂತ ಕಟ್ಟಡದಲ್ಲಿ ಬೇರೆಯಾಗಿ ನಿಂತವು. ಚೀನಾದ್ದು ವಿಶ್ವವಿದ್ಯಾನಿಲಯದ ಅಂಗಳದೊಳಗೇ ಬಂದು ಕೂತಿತು. ಟಿಬೆಟ್, ತೈವಾನ್, 1989ರ ತಿಯಾನನ್ಮೆನ್ ಚೌಕದ ವಿಷಯ ಅಲ್ಲಿ ಮುಕ್ತವಾಗಿ ಮಾತಾಡುವಂತಿಲ್ಲ ಎಂಬ ಗುಮಾನಿ ಬೇಗನೆ ಹುಟ್ಟಿಕೊಂಡಿತು. 2014ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯ ಒಪ್ಪಂದವನ್ನು ನವೀಕರಿಸುವ ಮಾತುಕತೆ ನಿಲ್ಲಿಸಿತು. ಮುಂದೆ ಅಮೆರಿಕದ ನೂರರಷ್ಟು ಸಂಸ್ಥೆಗಳಲ್ಲಿ ಬಹುತೇಕ ಎಲ್ಲವೂ ಮುಚ್ಚಿದವು. ಸ್ವೀಡನ್ ದೇಶದಲ್ಲಂತೂ ಒಂದೂ ಉಳಿಯಲಿಲ್ಲ. ಭಾರತದಲ್ಲೂ 2020ರಲ್ಲಿ, ಗಲ್ವಾನ್ ಕಣಿವೆಯ ಘರ್ಷಣೆಯ ಬಳಿಕ, ಇಂಥ ಸಂಸ್ಥೆಗಳ ಮರುಪರಿಶೀಲನೆಗೆ ಕೇಂದ್ರ ಸರಕಾರ ಮುಂದಾಯಿತು. ಅದೇ ವರ್ಷದ ಜೂನ್ 29ರಂದು ಟಿಕ್‌ಟಾಕ್ ಸೇರಿ 59 ಚೀನೀ ಆ್ಯಪ್‌ಗಳು ಒಂದೇ ಆಜ್ಞೆಯಿಂದ ನಿಷೇಧಕ್ಕೊಳಗಾದವು.

ಹಾಗೆಂದು ಚೀನಾ ಎಲ್ಲೆಡೆ ಸೋತಿತೆಂದು ಭಾವಿಸಿದರೆ ಅದು ಬರಿಯ ನಮ್ಮ ಇಚ್ಛೆಯ ಮಾತಾದೀತು. ಆಫ್ರಿಕದ ಹಲವು ದೇಶಗಳಲ್ಲಿ ಯುವಕರು ಚೀನೀ ಕಲಿಯುತ್ತಿದ್ದಾರೆ, ಏಕೆಂದರೆ ಅದರಲ್ಲಿ ಉದ್ಯೋಗವಿದೆ. ವೈದ್ಯಕೀಯ ಓದಲು ನಮ್ಮ ದೇಶದಿಂದಲೇ ಸಾವಿರಾರು ಮಕ್ಕಳು ಚೀನಾಕ್ಕೆ ಹೋಗಿದ್ದಾರೆ. ಆದರೆ ಹೊಟ್ಟೆಪಾಡಿಗಾಗಿ ಕಲಿತ ಭಾಷೆ ಬೇರೆ, ಮನಸ್ಸೊಲಿದು ಕಲಿತ ಭಾಷೆ ಬೇರೆ. ಎರಡನೆಯ ಬಗೆಯ ಗೆಲುವು ಚೀನಾಕ್ಕೆ ದೊರೆತದ್ದು ಅದರ ಇಲಾಖೆಗಳು ನಿರೀಕ್ಷಿಸಿದ ಕಡೆಯಿಂದಲ್ಲ. 2024ರ ಆಗಸ್ಟ್‌ನಲ್ಲಿ ಸುನ್ ವುಕಾಂಗ್ ಎಂಬ ವಾನರ ವೀರನ ಕಥೆಯನ್ನಾಧರಿಸಿದ ಒಂದು ಕಂಪ್ಯೂಟರ್ ಆಟ ಹೊರಬಂದು, ಮೂರೇ ದಿನಗಳಲ್ಲಿ ಒಂದು ಕೋಟಿ ಪ್ರತಿಗಳು ಮಾರಾಟವಾದವು. 2025ರಲ್ಲಿ ‘ನೆಝಾ’ ಎಂಬ ದೇವಬಾಲಕನ ಚಿತ್ರದ ಎರಡನೆಯ ಭಾಗ 200 ಕೋಟಿ ಡಾಲರಿನ ಗಳಿಕೆ ದಾಟಿತು. ಯಾವ ದೇಶದ ಕಾರ್ಟೂನ್ ಚಿತ್ರವೂ ಅದಕ್ಕೆ ಮೊದಲು ಅಷ್ಟು ಗಳಿಸಿರಲಿಲ್ಲ.

ಈ ಎರಡು ಕಥೆಗಳೂ ನಮಗೆ ತೀರ ಹೊರಗಿನವಲ್ಲ. ವಾನರ ವೀರನ ಕಥೆ ಬೌದ್ಧ ಗ್ರಂಥಗಳನ್ನರಸಿ ಭಾರತಕ್ಕೆ ಬಂದ ಯಾತ್ರಿಕ ಹ್ಯುಯೆನ್‌ತ್ಸಾಂಗನ ಪ್ರಯಾಣದಿಂದ ಬೆಳೆದದ್ದು. ಆತ 7ನೇ ಶತಮಾನದಲ್ಲಿ ಬಾದಾಮಿಯ ಇಮ್ಮಡಿ ಪುಲಿಕೇಶಿಯ ರಾಜ್ಯವನ್ನೂ ಅಲ್ಲಿಯ ಜನರ ಸ್ವಾಭಿಮಾನವನ್ನೂ ಬಣ್ಣಿಸಿದ್ದಾನೆ. ನೆಝಾನ ಮೂಲವನ್ನು ವಿದ್ವಾಂಸರು ಕುಬೇರನ ಮಗ ನಳಕೂಬರನಲ್ಲಿ ಗುರುತಿಸಿದ್ದಾರೆ. ಕೃಷ್ಣಲೀಲೆಯ ಪ್ರಸಂಗ ನೋಡಿದ ನಮ್ಮ ಮಕ್ಕಳಿಗೂ ನಳಕೂಬರ ಗೊತ್ತು. ಭಾರತದಿಂದ ಕಥೆಗಳು ಚೀನಾಕ್ಕೆ ಹೋದಾಗ ಯಾವ ಸರಕಾರವೂ ಅವನ್ನು ಕಳಿಸಿಕೊಡಲಿಲ್ಲ; ಬೇಕೆಂದವರು ನಡೆದು ಬಂದು ಹೊತ್ತುಕೊಂಡು ಹೋದರು. ಅಲ್ಲಿಂದ ಇಲ್ಲಿಗೆ ಬಂದ ಚಹಾದ ಸಂಗತಿಯೂ ಹೀಗೆಯೇ. ಚಹಾ ಎಂಬ ಮಾತೇ ಚೀನಾದ್ದು. ನಮ್ಮ ಮಲಯಾಳಿ ನೆರೆಯವರ ಅಡುಗೆಮನೆಯ ಚೀನಚ್ಚಟ್ಟಿ, ಕೊಚ್ಚಿಯ ಕಡಲ ದಂಡೆಯ ಚೀನವಲೆ ಇವೂ ಅದೇ ದೇಶದ ಹೆಸರನ್ನು ಹೊತ್ತಿವೆ. ಯಾರೂ ಅವನ್ನು ಕಡ್ಡಾಯ ಮಾಡಲಿಲ್ಲ.

ಈಗ ಮತ್ತೆ ಕೊರ್ಲಿಮ್ ಕಡೆಗೆ ಬರೋಣ. ಅದರ ಪಕ್ಕದ ಹಳೆ ಗೋವಾ, ಚೀನಾದ ಮನಸ್ಸನ್ನು ಗೆಲ್ಲಲು ಹೊರಟವರ ಹೆಬ್ಬಾಗಿಲಾಗಿತ್ತು. ಬೋಮ್ ಜೆಸುಸ್ ಇಗರ್ಜಿಯಲ್ಲಿ ದೇಹವಿರಿಸಲಾಗಿರುವ ಸಂತ ಫ್ರಾನ್ಸಿಸ್ ಜೇವಿಯರ್, ಚೀನಾದೊಳಗೆ ಕಾಲಿಡಬೇಕೆಂಬ ಆಸೆ ಕೈಗೂಡದೆ, 1552ರ ಡಿಸೆಂಬರ್ 3ರಂದು ಅದರ ಕರಾವಳಿಯ ಒಂದು ದ್ವೀಪದಲ್ಲಿ ತೀರಿಕೊಂಡವರು. ಅವರಿಗೆ ಸಿಗದ ಪ್ರವೇಶ ಇಟಲಿಯ ಮತ್ತೆಯೋ ರಿಚ್ಚಿ ಎಂಬ ಪಾದ್ರಿಗೆ ಸಿಕ್ಕಿತು. 1578ರಲ್ಲಿ ಗೋವಾಕ್ಕೆ ಬಂದು, ಇಲ್ಲಿಯೂ ಕೊಚ್ಚಿಯಲ್ಲೂ ಕೆಲವು ವರ್ಷ ಕಳೆದು, 1582ರಲ್ಲಿ ಮಕಾವ್ ಸೇರಿದ ರಿಚ್ಚಿ, ಮೊದಲು ಮಾಡಿದ ಕೆಲಸ ಚೀನೀ ಕಲಿತದ್ದು. ಅಲ್ಲಿಯ ವಿದ್ವಾಂಸರ ಉಡುಪು ತೊಟ್ಟು, ಅವರ ಗ್ರಂಥಗಳನ್ನೋದಿ, ಅವರ ಭಾಷೆಯಲ್ಲೇ ಸ್ನೇಹದ ವಿಷಯವಾಗಿ ಒಂದು ಪುಸ್ತಕವನ್ನೂ ಬರೆದರು. ಕೊನೆಗೆ ಬೀಜಿಂಗಿನಲ್ಲೇ ನೆಲೆಸಿ, 1610ರಲ್ಲಿ ಅಲ್ಲೇ ಮಣ್ಣಾದರು. ತನ್ನ ಮಾತನ್ನು ಇತರರು ಕೇಳಬೇಕಾದರೆ ಮೊದಲು ಅವರ ಮಾತನ್ನು ಕಲಿಯಬೇಕು ಎಂಬುದು ಅವರ ಬಾಳಿನ ಪಾಠ. ನಮ್ಮ ಕಡೆ 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ ಮೋಗ್ಲಿಂಗ್, 1894ರಲ್ಲಿ ಕನ್ನಡ ನಿಘಂಟನ್ನು ಮುಗಿಸಿಕೊಟ್ಟ ಕಿಟ್ಟೆಲ್ ಮಾಡಿದ್ದೂ ಅದನ್ನೇ. ಅವರ ಮತಕಾರ್ಯವನ್ನು ಒಪ್ಪದವರೂ ಅವರ ಭಾಷಾಸೇವೆಯನ್ನು ಇಂದಿಗೂ ನೆನೆಯುತ್ತಾರೆ.

ಅದೇ ಗೋವಾದಲ್ಲಿ ಇದಕ್ಕೆ ವಿರುದ್ಧವಾದ ಪ್ರಯೋಗವೂ ನಡೆಯಿತು. 1684ರಲ್ಲಿ ಪೋರ್ಚುಗೀಸ್ ವೈಸರಾಯ್, ಗೋವಾದ ಜನ ಮೂರು ವರ್ಷಗಳೊಳಗೆ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸನ್ನೇ ಆಡಬೇಕೆಂದು ಆಜ್ಞೆ ಹೊರಡಿಸಿದ. ಆಜ್ಞೆಯ ಹಿಂದೆ ಸೈನ್ಯವಿತ್ತು, ಅಧಿಕಾರವಿತ್ತು, ಮತವಿಚಾರಣೆಯ ಭಯವಿತ್ತು. ಇಂಥ ಕಾಲದಲ್ಲಿ ಗೋವಾ ಬಿಟ್ಟು ದಕ್ಷಿಣಕ್ಕೆ ಬಂದವರ ಸಂತತಿಯೇ ನಮ್ಮ ಮಂಜೇಶ್ವರ, ಕುಂಬಳೆ, ಕಾಸರಗೋಡುಗಳ ಕೊಂಕಣಿ ಮನೆಗಳು, ಬೇಳದಂಥ ಊರುಗಳ ಕ್ರೈಸ್ತ ಕುಟುಂಬಗಳು. ಆಜ್ಞೆಯ ಗತಿ ಏನಾಯಿತು? ಕೊಂಕಣಿ ಸಾಯಲಿಲ್ಲ. 1987ರಲ್ಲಿ ಅದು ಗೋವಾದ ಆಡಳಿತ ಭಾಷೆಯಾಯಿತು. 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೂ ಸೇರಿತು. ಪೋರ್ಚುಗೀಸರು 1961ರ ಡಿಸೆಂಬರ್‌ನಲ್ಲಿ ಗೋವಾ ಬಿಟ್ಟ ಮೇಲೆ ಅವರ ಭಾಷೆ ಶಾಲೆಗಳಿಂದ ಸರಸರನೆ ಮರೆಯಾಯಿತು. ಉಳಿದದ್ದು ಆಜ್ಞೆಯಿಂದ ಬಾರದೆ ಬಳಕೆಯಿಂದ ಬಂದ ವಸ್ತುಗಳು: ಪಾವ್ ರೊಟ್ಟಿ, ಬೀದಿಯ ಸಂಗೀತ, ಮನೆಯ ವಾಸ್ತು. ನಮ್ಮ ಕನ್ನಡದಲ್ಲಿಯೂ ಚಾವಿ, ಜನೇಲು, ಬಟಾಟೆ, ಇಗರ್ಜಿ, ಪಾದ್ರಿ ಎಂಬ ಮಾತುಗಳು ಹಾಯಾಗಿ ಕೂತಿವೆ.

ಇನ್ನೂ ಒಂದು ಸಂಗತಿ ಗಮನಾರ್ಹವಾಗಿದೆ. 1999ರ ಡಿಸೆಂಬರ್ 20ರಂದು ಚೀನಾಕ್ಕೆ ಮರಳಿದ ಮಕಾವನ್ನು ಬೀಜಿಂಗ್ ಸರಕಾರ ಜಾಣತನದಿಂದ ಬಳಸಿಕೊಂಡಿತು. ಅಲ್ಲಿಯ ಪೋರ್ಚುಗೀಸ್ ಗುರುತನ್ನು ಅಳಿಸುವ ಬದಲು, 2003ರಲ್ಲಿ ಅಲ್ಲಿ ಪೋರ್ಚುಗೀಸ್ ಭಾಷಿಕ ದೇಶಗಳೊಡನೆ ವ್ಯಾಪಾರದ ಒಂದು ವೇದಿಕೆಯನ್ನೇ ಸ್ಥಾಪಿಸಿತು. ಪೋರ್ಚುಗೀಸ್ ನಂಟಿನ ನಾಡುಗಳ ಕ್ರೀಡಾಕೂಟ 2006ರಲ್ಲಿ ಮೊದಲು ನಡೆದದ್ದು ಮಕಾವ್‌ನಲ್ಲಿ. ಮೂರನೆಯದು 2014ರ ಜನವರಿಯಲ್ಲಿ ಗೋವಾದಲ್ಲಿ. ಚೀನಾದ ಭಾಗವಾದ ಮಕಾವ್‌ನ ಆಟಗಾರರು ಭಾರತದ ಭಾಗವಾದ ಗೋವಾಕ್ಕೆ ಬಂದದ್ದು ಇಬ್ಬರನ್ನೂ ಹಿಂದೆ ಆಳಿದ ಪುಟ್ಟ ಪೋರ್ಚುಗಲ್ ದೇಶದ ಹೆಸರಿನಲ್ಲಿ. ಕೊರ್ಲಿಮ್‌ನಲ್ಲಿ ಹಣದಿಂದ ಬಾರದ ಹೆಸರು, ಇಲ್ಲಿ ಹಳೆಯ ನಂಟಿನಿಂದ ಬಂದಿತು.

ಇದನ್ನೆಲ್ಲ ಕೇಳಿ ಕೆಲವರು ಹೇಳಬಹುದು: ಪೋರ್ಚುಗೀಸರು ನಾಲ್ಕೂವರೆ ಶತಮಾನ ಆಳಿದರು, ಆದ್ದರಿಂದ ಅವರ ಗುರುತು ಉಳಿಯಿತು; ಅಧಿಕಾರವಿಲ್ಲದ ಭಾಷೆಗೆ ಆಕರ್ಷಣೆ ಎಲ್ಲಿಂದ ಬರಬೇಕು? ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನಿಸ್ ಅವರನ್ನು ನೆನೆಯಿರಿ. 1938ರಲ್ಲಿ ಯುದ್ಧಪೀಡಿತ ಚೀನಾಕ್ಕೆ ಹೋಗಿ, ಗಾಯಾಳುಗಳ ಸೇವೆ ಮಾಡುತ್ತ 1942ರಲ್ಲಿ ಅಲ್ಲೇ ಪ್ರಾಣ ಬಿಟ್ಟ ಆ ತರುಣನ ಹಿಂದೆ ಯಾವ ಅಧಿಕಾರವಿತ್ತು? ಭಾರತವೇ ಆಗ ಪರಾಧೀನವಾಗಿತ್ತು. ಎರಡು ದೇಶಗಳ ನಡುವೆ ಯುದ್ಧವಾದ ಮೇಲೂ ಚೀನೀಯರು ಅವರ ಹೆಸರನ್ನು ಗೌರವದಿಂದ ಹೇಳುತ್ತಾರೆ. 2017ರಲ್ಲಿ ‘ದಂಗಲ್’ ಎಂಬ ಹಿಂದಿ ಚಿತ್ರ ಚೀನಾದಲ್ಲಿ ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಗಳಿಸಿದ್ದು ನಮ್ಮ ರಾಯಭಾರ ಕಚೇರಿಯ ಪ್ರಯತ್ನದಿಂದಲ್ಲ.

ಇನ್ನು ನಮ್ಮ ಮನೆಯ ವಿಚಾರ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಮೇಲೆ ಮಲಯಾಳದ ಎರಡು ಬಗೆಯ ಪ್ರಭಾವ ಬಿದ್ದಿದೆ. ಒಂದು, ಸರಕಾರಿ ಆಜ್ಞೆಯದ್ದು. 2017ರಲ್ಲಿ ಶಾಲೆಗಳಲ್ಲಿ ಮಲಯಾಳವನ್ನು ಕಡ್ಡಾಯ ಮಾಡುವ ಕಾನೂನು ಬಂದಾಗ ಈ ಜಿಲ್ಲೆಯ ಕನ್ನಡಿಗರು ಬೀದಿಗಿಳಿದರು. ಕನ್ನಡ ಅರಿಯದ ಅಧ್ಯಾಪಕರನ್ನು ಕನ್ನಡ ಮಾಧ್ಯಮದ ತರಗತಿಗೆ ನೇಮಿಸಿದಾಗಲೆಲ್ಲ ಹೆತ್ತವರು ಪ್ರತಿಭಟಿಸಿದ್ದಾರೆ. ಇನ್ನೊಂದು, ಮಲಯಾಳ ಸಿನಿಮಾದ್ದು. ನಮ್ಮ ಮನೆಯ ಮಕ್ಕಳು ಅದನ್ನು ಯಾರ ಒತ್ತಾಯವೂ ಇಲ್ಲದೆ ನೋಡುತ್ತಾರೆ, ಅದರ ಹಾಡುಗಳನ್ನು ಗುನುಗುತ್ತಾರೆ, ಅದರಿಂದಲೇ ಆ ಭಾಷೆಯನ್ನು ಅರ್ಧ ಕಲಿಯುತ್ತಾರೆ. ಕಾನೂನು ದ್ವೇಷ ಬೆಳೆಸಿದ ಕಡೆ ಕಲೆ ಸ್ನೇಹ ಬೆಳೆಸಿತು. ತಿರುವನಂತಪುರದ ಅಧಿಕಾರಿಗಳು ಬೀಜಿಂಗಿನಿಂದ ಕಲಿಯಬೇಕಾದ ಪಾಠ ಇದಕ್ಕಿಂತ ಬೇರೆಯಿಲ್ಲ.

ಆದರೆ ಪಾಠ ಅವರಿಗೆ ಮಾತ್ರವೇ? ಕನ್ನಡವೂ ಈ ನೆಲದಲ್ಲಿ ಒಂದು ಕಾಲಕ್ಕೆ ಅಪ್ಪಣೆಯಿಲ್ಲದೆಯೇ ಗೆದ್ದಿದೆ. ಮನೆಯಲ್ಲಿ ಕೊಂಕಣಿ ಆಡುತ್ತಿದ್ದ ಮಂಜೇಶ್ವರದ ಗೋವಿಂದ ಪೈಗಳು ಕನ್ನಡದ ಮೊದಲ ರಾಷ್ಟ್ರಕವಿಯಾದರು. ತುಳು, ಮಲಯಾಳ, ಕೊಂಕಣಿ, ಮರಾಠಿ ಆಡುವ ಮನೆಗಳವರೂ ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳನ್ನು ರಾತ್ರಿಯಿಡೀ ಕೂತು ನೋಡಿದರು. ನೀಲೇಶ್ವರದಲ್ಲಿ ಶಾಲೆ ಕಲಿತ ನಿರಂಜನರು ನಮ್ಮ ಜಿಲ್ಲೆಯ ಕಯ್ಯೂರಿನ ರೈತ ಹೋರಾಟವನ್ನು ‘ಚಿರಸ್ಮರಣೆ’ ಕಾದಂಬರಿಯಾಗಿ ಬರೆದರು. ಕಯ್ಯೂರಿನ ನಾಲ್ವರು ತರುಣರು ಗಲ್ಲಿಗೇರಿದ್ದು 1943ರ ಮಾರ್ಚ್ 29ರಂದು. ಅವರ ಕಥೆಯನ್ನು ಹೇಳಿದ ಕನ್ನಡ ಕಾದಂಬರಿ ಮಲಯಾಳಕ್ಕೆ ಅನುವಾದವಾಗಿ ಮಲಯಾಳಿಗಳ ಮನೆಮನೆಯ ಪುಸ್ತಕವಾಯಿತು. ನೆರೆಯವನ ನೋವನ್ನು ತನ್ನದೆಂದು ಬಗೆದು ಬರೆದದ್ದರಿಂದಲೇ ಕನ್ನಡದ ಆ ಕೃತಿಯನ್ನು ಅವರು ತಮ್ಮದೆಂದರು. 2018ರಲ್ಲಿ ಕಾಸರಗೋಡಿನ ಒಂದು ಕನ್ನಡ ಶಾಲೆಯ ಕಥೆ ಹೇಳಿದ ರಿಷಬ್ ಶೆಟ್ಟರ ಚಿತ್ರ, ನಾವು ಎಷ್ಟೋ ವರ್ಷಗಳಿಂದ ಮನವಿಗಳಲ್ಲಿ ಬರೆದದ್ದನ್ನು ಬೆಂಗಳೂರಿನ ಸಾಮಾನ್ಯ ಪ್ರೇಕ್ಷಕನಿಗೆ ಎರಡೂವರೆ ಗಂಟೆಯಲ್ಲಿ ತಿಳಿಸಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮೃದು ಶಕ್ತಿಯ ಮಾತು ಹಕ್ಕಿನ ಮಾತಿಗೆ ಬದಲಿಯಲ್ಲ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ದೊರಕಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ. ಅದು ಯಾರ ಒಲವನ್ನೂ ಅವಲಂಬಿಸಿದ ಭಿಕ್ಷೆಯಲ್ಲ. “ನೀವು ಇಂಪಾಗಿ ಹಾಡಿ, ಹಕ್ಕು ಕೇಳಬೇಡಿ” ಎಂದು ಯಾರಾದರೂ ಹೇಳಿದರೆ ಅದನ್ನು ಒಪ್ಪುವಂತಿಲ್ಲ. ಹಕ್ಕು ಬೇಲಿ ಇದ್ದಂತೆ; ಬೇಲಿ ಇಲ್ಲದೆ ತೋಟ ಉಳಿಯದು. ಆದರೆ ಬೇಲಿಯನ್ನೇ ಕಾಯುತ್ತ ಒಳಗೆ ಏನೂ ನೆಡದವನಿಗೆ ಫಸಲು ಎಲ್ಲಿಯದು?

ಗೋವಾದಲ್ಲಿರುವ ಕನ್ನಡಿಗರ ಪಾಡನ್ನೂ ಇದರೊಡನೆ ನೋಡಬೇಕು. 2011ರ ಜನಗಣತಿಯಂತೆ ಆ ರಾಜ್ಯದಲ್ಲಿ ನೂರಕ್ಕೆ ನಾಲ್ವರಿಗಿಂತ ಹೆಚ್ಚು ಜನರ ಮಾತೃಭಾಷೆ ಕನ್ನಡ. ಬಹಳ ಮಂದಿ ಉತ್ತರ ಕರ್ನಾಟಕದಿಂದ ಹೊಟ್ಟೆಪಾಡಿಗಾಗಿ ಹೋದವರು. ಕಟ್ಟಡ, ಬಂದರು, ಕೈಗಾರಿಕಾ ವಸಾಹತುಗಳ ಕೆಲಸದಲ್ಲಿರುವವರು. ನಾವು ನೆಲದ ಮೇಲೆ ಗೆರೆ ಎಳೆದದ್ದರಿಂದ ಅಲ್ಪಸಂಖ್ಯಾತರಾದವರು. ಅವರು ಗೆರೆ ದಾಟಿ ಹೋಗಿ ಅಲ್ಪಸಂಖ್ಯಾತರಾದವರು. ಅವರ ಬಗ್ಗೆ ಗೋವಾದವರಲ್ಲಿ ಹೊರಗಿನವರೆಂಬ ಅಸಮಾಧಾನ ಆಗಾಗ ಕಾಣುತ್ತದೆ. ಆ ಅಸಮಾಧಾನವನ್ನು ಕರಗಿಸುವುದು ಕನ್ನಡದ ದೊಡ್ಡ ಸಮ್ಮೇಳನಗಳಿಗಿಂತ, ಕೊಂಕಣಿ ಕಲಿತ ಒಬ್ಬ ಕನ್ನಡಿಗ ಕೆಲಸಗಾರನ ಮಾತಿನಿಂದ ಹೆಚ್ಚು ಸಾಧ್ಯ. ಕಾಸರಗೋಡಿನಲ್ಲಿ ನೆಲೆಸುವ ಅಧಿಕಾರಿ ಕನ್ನಡ ಕಲಿಯಲಿ ಎಂದು ಬಯಸುವ ನಾವು, ಗೋವಾದ ಕನ್ನಡಿಗನಿಗೆ ಬೇರೆ ನ್ಯಾಯ ಹೇಳುವಂತಿಲ್ಲ.

ಕೊನೆಯದಾಗಿ ಬೆಂಗಳೂರಿನ ಸರಕಾರಕ್ಕೆ ಒಂದು ಮಾತು. ಗಡಿನಾಡ ಕನ್ನಡಕ್ಕೆಂದು ಅನುದಾನ ಕೊಡುತ್ತಾರೆ; ಕೃತಜ್ಞರಾಗಿದ್ದೇವೆ. ಆದರೆ ಶಾಮಿಯಾನ, ಶಾಲು, ಹಾರ, ನೆನಪಿನ ಕಾಣಿಕೆಗೆ ಖರ್ಚಾಗುವ ಹಣ ಮರುದಿನ ಬೆಳಗ್ಗೆ ಗುಡಿಸಿ ಹೋಗುತ್ತದೆ. ಅದೇ ಹಣದಿಂದ ಒಂದು ಕನ್ನಡ ಶಾಲೆಗೆ ಮಕ್ಕಳು ಓದಲು ಆಸೆಪಡುವಂಥ ಪುಸ್ತಕಗಳು ಬರಲಿ. ಕನ್ನಡದಿಂದ ಮಲಯಾಳಕ್ಕೆ, ಮಲಯಾಳದಿಂದ ಕನ್ನಡಕ್ಕೆ ವರ್ಷಕ್ಕೆ ಹತ್ತು ಒಳ್ಳೆಯ ಕೃತಿಗಳು ಅನುವಾದವಾಗಲಿ. ಈ ಎರಡೂ ಭಾಷೆ ಬಲ್ಲವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆ ಕೆಲಸಕ್ಕೆ ಸಂಭಾವನೆ ಕೊಡುವವರಿಲ್ಲ. ಮಲಯಾಳಿ ಮಕ್ಕಳೂ ಬಂದು ಕಲಿಯಬಹುದಾದ ಯಕ್ಷಗಾನ ತರಗತಿಗಳು ಪಯ್ಯನ್ನೂರಿನವರೆಗೂ ನಡೆಯಲಿ. ನಮ್ಮ ಪದವೀಧರರಿಗೆ ಕನ್ನಡದಿಂದ ಉದ್ಯೋಗ ಸಿಗುವ ದಾರಿಗಳು ತೆರೆಯಲಿ. ಆಫ್ರಿಕದ ತರುಣ ಚೀನೀ ಕಲಿಯುವ ಕಾರಣವನ್ನು ನಾವು ಕೀಳೆಂದು ತಿಳಿಯಬೇಕಾಗಿಲ್ಲ.

ನಮ್ಮ ಮನೆಗಳ ಹೊಣೆಯನ್ನು ಮಾತ್ರ ಯಾವ ಸರಕಾರವೂ ಹೊರಲಾರದು. ಮನೆಯಲ್ಲಿ ಮಗುವಿಗೆ ಕಥೆ ಹೇಳುವ ಅಜ್ಜಿ, ತಾಳಮದ್ದಳೆಗೆ ಮೊಮ್ಮಗನನ್ನು ಕರೆದುಕೊಂಡು ಹೋಗುವ ಅಜ್ಜ, ಪತ್ರಿಕೆಯನ್ನು ಗಟ್ಟಿಯಾಗಿ ಓದಿಸುವ ತಾಯಿ ಇವರು ಮಾಡುವ ಕೆಲಸವನ್ನು ಕೋಟಿ ಡಾಲರು ಸುರಿದರೂ ಮಾಡಿಸಲಾಗದೆಂದು ಚೀನಾ ತನ್ನ ದುಬಾರಿ ಅನುಭವದಿಂದ ಲೋಕಕ್ಕೆ ತೋರಿಸಿಕೊಟ್ಟಿದೆ. ಕೊರ್ಲಿಮ್‌ನ ಕಾರ್ಖಾನೆಯ ಒಡೆತನ ಮೂವತ್ತು ವರ್ಷಗಳೊಳಗೆ ಹಲವು ಸಲ ಬದಲಾಯಿತು. ಊರಿನ ಮಾತು ಬದಲಾಗಲಿಲ್ಲ. ಅದು ಮನೆಗಳೊಳಗೆ ಉಳಿದಿತ್ತು, ಆದ್ದರಿಂದ ಯಾರಿಗೂ ಮಾರಾಟಕ್ಕೆ ಸಿಗಲಿಲ್ಲ.